ಸರಕಿನ ಮಾರಾಟದಲ್ಲಿ ವಿನೋದದ ಮಾತು: ಅದರ ಉಪಯೋಗವೂ ಅಪಾಯವೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ.)

ಸಂತೆಗೆ ಹೋಗಿಬರುವ ರೂಢಿಯುಳ್ಳವರೆಲ್ಲರೂ ಒಂದು ಸಂಗತಿಯನ್ನು ಕಂಡೇ ಇರುವರು. ಒಂದೇ ಊರಿನ ಬದನೆಕಾಯಿಯನ್ನು ಅಕ್ಕಪಕ್ಕದಲ್ಲಿ ಗುಡ್ಡೆಹಾಕಿಕೊಂಡು ಇಬ್ಬರು ಕುಳಿತಿರುತ್ತಾರೆ. ಒಬ್ಬನು ಬೆಲೆಯನ್ನು ಮಾತ್ರ ಕೂಗುತ್ತಾನೆ. ಇನ್ನೊಬ್ಬನು, "ಬನ್ನಿ ಅಕ್ಕಾ, ನಿಮ್ಮ ಅತ್ತೆಯವರೂ ಹೆಸರಿಡಲಾರದ ಬದನೆಕಾಯಿ" ಎಂದು ನಗಿಸುತ್ತಾನೆ. ಹೊತ್ತು ಇಳಿಯುವುದರೊಳಗಾಗಿ ಎರಡನೆಯವನ ಗೋಣಿಯು ಬರಿದಾಗಿರುತ್ತದೆ. ಆದರೆ ಅದೇ ಅಕ್ಕನು ಮುಂದಿನ ವಾರವೂ ಅವನಲ್ಲಿಗೇ ಬರುವಳೋ ಇಲ್ಲವೋ ಎಂಬುದು ಅವನ ಮಾತಿನಿಂದ ನಿರ್ಣಯವಾಗುವುದಿಲ್ಲ. ಕಾಯನ್ನು ಹೆಚ್ಚಿದಾಗ ಒಳಗೆ ಕಂಡದ್ದರಿಂದ ನಿರ್ಣಯವಾಗುತ್ತದೆ. ಈ ಲೇಖನದಲ್ಲಿ ಹೇಳಬೇಕಾಗಿರುವ ಮುಖ್ಯಾಂಶವೂ ಇಷ್ಟೇ.

ಪ್ರಕೃತ ಸಂತೆಯು ಊರ ಬಯಲಿನಲ್ಲಿ ಮಾತ್ರವಲ್ಲದೆ ಪ್ರತಿಯೊಬ್ಬರ ಅಂಗೈಯಲ್ಲಿರುವ ಮೊಬೈಲಿನಲ್ಲಿಯೂ ನೆರೆಯುತ್ತಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಮೊದಲು ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್, ವಾಟ್ಸಾಪ್ ಇವೇ ಆ ಸಂತೆಯ ಬೀದಿಗಳು. ನಮ್ಮ ರೈತ ಉತ್ಪಾದಕರ ಸಂಘಗಳೂ, ಕೆಲವು ತೋಟಗಾರರೂ ತಮ್ಮ ಫಲವನ್ನು ಈ ಬೀದಿಗಳಲ್ಲಿ ಮಾರಲು ತೊಡಗಿರುವರು. ಅಲ್ಲಿ ದೊಡ್ಡ ದೊಡ್ಡ ಕಂಪೆನಿಗಳು ಗಂಭೀರವಾದ ಜಾಹೀರಾತುಗಳಿಗಿಂತ ಹೆಚ್ಚಾಗಿ ನಗೆಮಾತುಗಳನ್ನೇ ಪ್ರಕಟಿಸುತ್ತಿರುವುದನ್ನು ಕಂಡು, ನಮ್ಮವರೂ ಅದನ್ನು ಅನುಕರಿಸಲೆಳಸುವುದು ಸಹಜವೇ ಆಗಿದೆ. ಆದಕಾರಣ ಈ ವಿದ್ಯೆಯು ಕೆಲಸ ಮಾಡುವ ಬಗೆಯನ್ನೂ, ಅದು ಕೈಗೆ ತಿರುಗುವ ಸಂದರ್ಭಗಳನ್ನೂ ಗ್ರಾಮದ ಮುಖಂಡರು ಮತ್ತು ಹಿಡುವಳಿದಾರರು ತಿಳಿದಿರುವುದು ಅವಶ್ಯಕ.

ವಿನೋದಕ್ಕೆ ಬೆಲೆ ಬಂದ ಕಾರಣ

ವೃತ್ತಪತ್ರಿಕೆಯಲ್ಲಿ ಜಾಹೀರಾತು ಕೊಡುವವನು ಸ್ಥಳಕ್ಕೆ ಹಣವನ್ನು ತೆರುತ್ತಾನೆ; ಹಣವೆಷ್ಟೋ ಸ್ಥಳವಷ್ಟು. ಜಾಲತಾಣಗಳಲ್ಲಿ ಹಣ ತೆರುವ ಜಾಹೀರಾತೂ ಉಂಟು. ಆದರೆ ಅಲ್ಲಿ ಇನ್ನೊಂದು ದಾರಿಯೂ ಇದೆ. ಓದಿದವನು ತನಗೆ ಮೆಚ್ಚುಗೆಯಾದುದನ್ನು ತನ್ನ ಹತ್ತು ಮಂದಿ ಸ್ನೇಹಿತರಿಗೆ ತಾನಾಗಿಯೇ ಕಳುಹಿಸುತ್ತಾನೆ. ಅವರು ನೂರು ಮಂದಿಗೆ ಕಳುಹಿಸುತ್ತಾರೆ. "ನಮ್ಮ ಬೆಣ್ಣೆ ಶ್ರೇಷ್ಠವಾದುದು" ಎಂಬ ವಾಕ್ಯವನ್ನು ಯಾರೂ ಇನ್ನೊಬ್ಬರಿಗೆ ಕಳುಹಿಸುವುದಿಲ್ಲ. ನಗಿಸಿದ ಮಾತನ್ನಾದರೋ ಕಳುಹಿಸದೆ ಇರಲಾರರು. ಹೀಗೆ ನಗೆಯು ಬಾಡಿಗೆ ಕೇಳದ ಬಂಡಿಯಾಗಿದೆ. ಇದಲ್ಲದೆ, ಹೆಸರು ಮಾತ್ರವಿದ್ದು ಮುಖವಿಲ್ಲದ ಸಂಸ್ಥೆಗೆ ವಿನೋದದಿಂದ ಒಂದು ಮುಖ ಬರುತ್ತದೆ. ಗಿರಾಕಿಯು ಅದನ್ನು ಪರಿಚಿತ ಮನುಷ್ಯನಂತೆ ಭಾವಿಸುತ್ತಾನೆ.

ಬೆಣ್ಣೆಯ ಹುಡುಗಿ

ಈ ವಿಷಯದಲ್ಲಿ ನಮ್ಮ ದೇಶದ ಅತಿ ಪ್ರಸಿದ್ಧವಾದ ನಿದರ್ಶನವು ರೈತರದೇ ಆಗಿರುವುದು ಸಂತೋಷದ ಸಂಗತಿ. ಗುಜರಾತಿನ ಆನಂದ್ ಪಟ್ಟಣದಲ್ಲಿ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ೧೯೪೬ರಲ್ಲಿ ತಮ್ಮ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದರಿಂದ ಬೆಳೆದುದೇ ಅಮುಲ್. ನಮ್ಮ ನಂದಿನಿಯೂ ಇದೇ ಆನಂದ್ ಮಾದರಿಯ ಸಹಕಾರ ಸಂಘಗಳಿಂದ ಕಟ್ಟಲ್ಪಟ್ಟುದಾಗಿದೆ. ೧೯೬೬ರಲ್ಲಿ ಸಿಲ್ವೆಸ್ಟರ್ ಡಾಕುನ್ಹಾ ಎಂಬವರು ಅಮುಲ್ ಬೆಣ್ಣೆಯ ಜಾಹೀರಾತಿನ ಹೊಣೆಯನ್ನು ವಹಿಸಿಕೊಂಡರು. ಯೂಸ್ಟೇಸ್ ಫರ್ನಾಂಡಿಸ್ ಎಂಬ ಚಿತ್ರಗಾರರು ಚುಕ್ಕಿಯ ಅಂಗಿ ತೊಟ್ಟ ಒಬ್ಬ ತುಂಟ ಹುಡುಗಿಯನ್ನು ಬರೆದರು. ಮುಂಬಯಿಯ ಬೀದಿಗಳ ದೊಡ್ಡ ಹಲಗೆಗಳಲ್ಲಿ ಆ ಹುಡುಗಿಯು ಕಾಣಿಸಿಕೊಂಡು, ಆಯಾ ಕಾಲದ ಸುದ್ದಿಯನ್ನು ಕುರಿತು ಶ್ಲೇಷೆಯ ಮಾತೊಂದನ್ನಾಡಿ ನಗಿಸತೊಡಗಿದಳು. ಕ್ರಿಕೆಟ್ಟು, ಚಲನಚಿತ್ರ, ರಾಜಕಾರಣ ಯಾವುದೂ ಅವಳ ಬಾಯಿಗೆ ಹೊರತಾಗಲಿಲ್ಲ. ಜಾಲತಾಣಗಳು ಬಂದ ಮೇಲೆ ಅದೇ ಚಿತ್ರಗಳು ಅಲ್ಲಿಯೂ ಪ್ರಕಟವಾಗುತ್ತಿವೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ಅರ್ಧ ಶತಮಾನಕ್ಕೂ ಮಿಕ್ಕಿ ಹುಡುಗಿಯು ಅವಳೇ, ಅಂಗಿಯೂ ಅದೇ. ಸುದ್ದಿ ಮಾತ್ರ ಹೊಸದು. ಹೊಲವನ್ನು ವರ್ಷವರ್ಷವೂ ಬದಲಿಸದೆ ಬೆಳೆಯನ್ನು ಮಾತ್ರ ಬದಲಿಸುವ ಜಾಣ ರೈತನ ಕ್ರಮವಿದು. ಎರಡನೆಯದಾಗಿ, ಅವಳ ಮಾತಿನ ಹಿಂದೆ ಪ್ರತಿದಿನವೂ ಹಾಲನ್ನು ಅಳೆದು, ಪರೀಕ್ಷಿಸಿ, ಹಣ ಸಲ್ಲಿಸುವ ಹಳ್ಳಿಯ ಸಂಘಗಳಿವೆ. ಆ ಸಂಘಗಳು ಕೆಟ್ಟರೆ ಯಾವ ಶ್ಲೇಷೆಯೂ ಬೆಣ್ಣೆಯನ್ನು ಮಾರಲಾರದು.

ನಗೆಗೆ ಎಲ್ಲೆಯುಂಟೆಂಬುದಕ್ಕೂ ಇದೇ ಸಂಸ್ಥೆಯು ನಿದರ್ಶನವಾಗಿದೆ. ೨೦೨೩ರ ಏಪ್ರಿಲಿನಲ್ಲಿ ಅದು ಬೆಂಗಳೂರಿಗೆ ಹಾಲು ಮೊಸರನ್ನು ತರುವುದಾಗಿ ಜಾಲತಾಣದಲ್ಲಿ ಸಾರಿದೊಡನೆ, ನಂದಿನಿಯನ್ನು ಉಳಿಸಬೇಕೆಂಬ ಕೂಗು ಅದೇ ಜಾಲತಾಣದಲ್ಲಿ ಎದ್ದಿತು. ಆ ವಿವಾದದ ನ್ಯಾಯಾನ್ಯಾಯಗಳು ಈ ಲೇಖನದ ವಿಷಯವಲ್ಲ. ಆದರೆ ಜನರು ತಮ್ಮ ಜೀವನೋಪಾಯಕ್ಕೆ ಧಕ್ಕೆ ಬಂದಿತೆಂದು ಭಾವಿಸಿದಾಗ, ಐವತ್ತು ವರ್ಷ ನಗಿಸಿದ ಹುಡುಗಿಯೂ ಅವರನ್ನು ನಗಿಸಲಾರಳೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಒಂದು ಟಗರಿನ ಕೀರ್ತಿ

ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಗ್ರಾಮಜೀವನದ ವಸ್ತುಸಂಗ್ರಹಾಲಯವೊಂದಿದೆ. ೧೯೫೧ರಲ್ಲಿ ಸ್ಥಾಪಿತವಾದ ಅಲ್ಲಿ ನೇಗಿಲು, ಬಂಡಿ, ಹಳೆಯ ಬೇಸಾಯದ ಚಿತ್ರಗಳು ಇವನ್ನು ಕಾಪಾಡಿರುವರು. ೨೦೧೮ರ ಏಪ್ರಿಲ್ ೯ರಂದು ಆ ಸಂಗ್ರಹಾಲಯದವರು ತಮ್ಮಲ್ಲಿದ್ದ ಎಕ್ಸ್‌ಮೂರ್ ಹಾರ್ನ್ ತಳಿಯ ದೊಡ್ಡ ಟಗರೊಂದರ ಹಳೆಯ ಚಿತ್ರವನ್ನು ಟ್ವಿಟರಿನಲ್ಲಿ ಹಾಕಿ, "ನೋಡಿರಿ, ಎಂತಹ ಭಾರೀ ಆಸಾಮಿ!" ಎಂಬರ್ಥದ ಒಂದೇ ಸಾಲನ್ನು ಬರೆದರು. ಕುರಿ ಸಾಕಣೆಯ ಗಂಧವನ್ನೇ ಅರಿಯದ ಸಹಸ್ರಾರು ಪಟ್ಟಣವಾಸಿಗಳು ಅದನ್ನು ನೋಡಿ ನಕ್ಕು ಹಂಚಿದರು. ಅದೇ ವರ್ಷ ಅವರು ಮತ್ತೊಂದನ್ನು ಪ್ರಕಟಿಸಿದರು. ೧೭೮೪ರಲ್ಲಿ ರಿಚರ್ಡ್ ಬೀಲ್ ಎಂಬ ೧೩ ವರ್ಷದ ರೈತಬಾಲಕನು ತನ್ನ ಲೆಕ್ಕದ ಪುಸ್ತಕದಲ್ಲಿ ಷರಾಯಿ ತೊಟ್ಟ ಕೋಳಿಯೊಂದರ ಚಿತ್ರವನ್ನು ಗೀಚಿದ್ದನು. ಆ ಕೋಳಿಯೂ ಜಗತ್ತನ್ನು ಸುತ್ತಿತು.

ಈ ಸಂಸ್ಥೆಯವರು ನಗೆಗಾಗಿ ಹೊರಗಿನದೇನನ್ನೂ ತರಲಿಲ್ಲ, ಯಾರನ್ನೂ ಹೀಯಾಳಿಸಲಿಲ್ಲ. ತಮ್ಮ ಕಪಾಟಿನಲ್ಲಿದ್ದ ಟಗರನ್ನೇ ಪ್ರೀತಿಯಿಂದ ತೋರಿಸಿದರು. ನಕ್ಕ ಜನರು ಅನಂತರ ಆ ತಳಿಯ ಹೆಸರನ್ನೂ ವಿಚಾರಿಸಿದರು. ನಮ್ಮ ಹಳ್ಳಿಗಳಲ್ಲಿಯೂ ಇಂತಹ ಸಾಮಗ್ರಿಗೆ ಕೊರತೆಯಿಲ್ಲ. ಹಳ್ಳಿಕಾರ್ ಹೋರಿಯ ಗತ್ತನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಮಯಕ್ಕೊದಗಿದ ಮಾತು

೨೦೧೩ರ ಫೆಬ್ರವರಿ ೩ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಒಂದು ದೊಡ್ಡ ಪಂದ್ಯವು ನಡೆಯುತ್ತಿದ್ದಾಗ ವಿದ್ಯುತ್ತು ಕೆಟ್ಟು, ಆಟವು ೩೪ ನಿಮಿಷ ನಿಂತಿತು. ಓರಿಯೋ ಬಿಸ್ಕತ್ತಿನವರು ಆ ಕತ್ತಲಿನ ಹೊತ್ತಿನಲ್ಲಿಯೇ, "ಕತ್ತಲಲ್ಲಿಯೂ ಅದ್ದಿ ತಿನ್ನಬಹುದು" ಎಂಬ ಭಾವದ ಚಿತ್ರವನ್ನು ಪ್ರಕಟಿಸಿದರು. ಲಕ್ಷಗಟ್ಟಲೆ ಹಣ ತೆತ್ತ ಜಾಹೀರಾತುಗಳಿಗಿಂತ ಅದೊಂದು ಸಾಲೇ ಜನರ ಬಾಯಲ್ಲಿ ಉಳಿಯಿತು. ಇದು ಆಕಸ್ಮಿಕವೆಂದು ತಿಳಿಯಬಾರದು. ಆ ರಾತ್ರಿ ಬರೆಯುವವರು, ಚಿತ್ರಗಾರರು, ಒಪ್ಪಿಗೆ ಕೊಡುವ ಅಧಿಕಾರಿಗಳು ಎಲ್ಲರೂ ಮೊದಲೇ ಸಿದ್ಧರಾಗಿ ಕುಳಿತಿದ್ದರು. ಮಳೆ ಬಂದ ಮೇಲೆ ಬೀಜವನ್ನು ಹುಡುಕಲು ಹೊರಡುವವನಿಗೆ ಹದವು ಸಿಕ್ಕುವುದಿಲ್ಲ.

೨೦೧೭ರಲ್ಲಿ ಅದೇ ದೇಶದ ಒಬ್ಬ ಹುಡುಗನು ವೆಂಡೀಸ್ ಎಂಬ ಭೋಜನಗೃಹದವರನ್ನು, ಒಂದು ವರ್ಷ ಕೋಳಿಮಾಂಸದ ತಿಂಡಿಯನ್ನು ಪುಕ್ಕಟೆಯಾಗಿ ಕೊಡಬೇಕಾದರೆ ತನ್ನ ಮಾತನ್ನು ಎಷ್ಟು ಜನ ಮರುಹಂಚಬೇಕೆಂದು ಟ್ವಿಟರಿನಲ್ಲಿ ಕೇಳಿದನು. ಅವರು ತಮಾಷೆಯಾಗಿ "೧ ಕೋಟಿ ೮೦ ಲಕ್ಷ" ಎಂದರು. ಹುಡುಗನಿಗೆ ೩೪ ಲಕ್ಷಕ್ಕೂ ಹೆಚ್ಚು ದೊರೆಯಿತು. ಹೇಳಿದ ಲೆಕ್ಕ ಮುಟ್ಟದಿದ್ದರೂ ಅವರು ತಿಂಡಿಯನ್ನು ಕೊಟ್ಟು, ಅನಾಥ ಮಕ್ಕಳ ದತ್ತುಸ್ವೀಕಾರಕ್ಕಾಗಿ ಶ್ರಮಿಸುವ ನಿಧಿಗೆ ೧ ಲಕ್ಷ ಡಾಲರುಗಳನ್ನು ಸಲ್ಲಿಸಿದರು. ತಮಾಷೆಗೆ ಆಡಿದ ಮಾತನ್ನೂ ನಡೆಸಿಕೊಟ್ಟಿದ್ದರಿಂದಲೇ ಅವರ ಹೆಸರು ನಿಂತಿತು.

ನಗೆಯು ತಿರುಗಿಬಿದ್ದ ಬಗೆ

೨೦೧೪ರಲ್ಲಿ ಗಂಡಂದಿರ ಹಿಂಸೆಯನ್ನು ಅನುಭವಿಸಿದ ಹೆಂಗಸರು, ತಾವು ಏಕೆ ಮನೆಯನ್ನು ಬಿಡದೆ ಉಳಿದೆವೆಂಬುದನ್ನು ಒಂದು ಗುರುತಿನ ಪದದಡಿಯಲ್ಲಿ ಟ್ವಿಟರಿನಲ್ಲಿ ಹೇಳಿಕೊಳ್ಳುತ್ತಿದ್ದರು. ಡಿಜಿಯೋರ್ನೋ ಎಂಬ ಅಮೆರಿಕದ ಪೀಟ್ಸಾ ಕಂಪೆನಿಯವರು, ಜನರು ಅಲ್ಲಿ ಏತಕ್ಕೆ ನೆರೆದಿರುವರೆಂಬುದನ್ನು ವಿಚಾರಿಸದೆ, "ಪೀಟ್ಸಾ ಇತ್ತು, ಅದಕ್ಕೇ ಉಳಿದೆ" ಎಂಬ ಹಾಸ್ಯವನ್ನು ಅದೇ ಪದದೊಡನೆ ಸೇರಿಸಿದರು. ಸಾವಿನ ಮನೆಯ ಗುಂಪನ್ನು ಮದುವೆಯ ದಿಬ್ಬಣವೆಂದು ತಿಳಿದು ಓಲಗ ಊದಿದಂತಾಯಿತು. ಕೂಡಲೇ ಅದನ್ನು ತೆಗೆದುಹಾಕಿ, ನೊಂದವರಲ್ಲಿ ಒಬ್ಬೊಬ್ಬರನ್ನಾಗಿ ಕ್ಷಮೆ ಕೇಳಬೇಕಾಯಿತು.

೨೦೨೧ರ ಮಾರ್ಚ್ ೮, ಮಹಿಳಾ ದಿನದಂದು, ಬರ್ಗರ್ ಕಿಂಗ್ ಸಂಸ್ಥೆಯ ಬ್ರಿಟನ್ ಶಾಖೆಯವರು "ಹೆಂಗಸರ ಸ್ಥಾನ ಅಡಿಗೆಮನೆ" ಎಂದು ಬರೆದರು. ಮುಂದಿನ ಸಾಲುಗಳಲ್ಲಿ, ದೊಡ್ಡ ಅಡಿಗೆಮನೆಗಳ ಮುಖ್ಯಸ್ಥರಲ್ಲಿ ಹೆಂಗಸರು ವಿರಳವೆಂದೂ, ಅವರ ಶಿಕ್ಷಣಕ್ಕೆ ತಾವು ವಿದ್ಯಾರ್ಥಿವೇತನ ಕೊಡುವೆವೆಂದೂ ತಿಳಿಸಿದ್ದರು. ಉದ್ದೇಶವು ಒಳ್ಳೆಯದೇ. ಆದರೆ ಜನರು ಹಂಚಿದ್ದು ಮೊದಲ ಸಾಲನ್ನು ಮಾತ್ರ. ಅದೇ ದಿನ ಕ್ಷಮೆ ಕೇಳಿ ಆ ಸಾಲನ್ನು ಅಳಿಸಿದರು. ಜಾಲತಾಣದಲ್ಲಿ ಮಾತಿನ ತಲೆಯೂ ಬಾಲವೂ ಒಟ್ಟಿಗೆ ಪ್ರಯಾಣ ಮಾಡುವುದಿಲ್ಲವೆಂಬುದನ್ನು ಇದರಿಂದ ಕಲಿಯಬೇಕು.

ನಾನು ಕಂಡ ಒಂದು ನಷ್ಟ

ದೂರದ ದೇಶದ ಕಂಪೆನಿಗಳು ಇಂತಹ ಪೆಟ್ಟನ್ನು ತಾಳಿಕೊಳ್ಳಬಲ್ಲವು. ನಾಲ್ಕೆಕರೆ ಮಾವಿನ ತೋಟವುಳ್ಳವನು ತಾಳಲಾರನು. ನನ್ನ ಸರಹದ್ದಿಗೆ ಸೇರಿದ್ದ ಹೋಬಳಿಯೊಂದರಲ್ಲಿ ಕೆಲವು ಮಾವಿನ ಬೆಳೆಗಾರರು ಒಟ್ಟುಗೂಡಿ, ಬಾದಾಮಿ ಹಣ್ಣನ್ನು ಪೆಟ್ಟಿಗೆಗಳಲ್ಲಿ ತುಂಬಿ ನೇರವಾಗಿ ಪಟ್ಟಣದ ಮನೆಗಳಿಗೆ ಕಳುಹಿಸುತ್ತಿದ್ದರು. ಓದಿದ ಹುಡುಗನೊಬ್ಬನು ಮೊಬೈಲಿನಲ್ಲಿ ಅಚ್ಚುಕಟ್ಟಾದ ನಗೆಮಾತುಗಳನ್ನು ಬರೆದು ಗಿರಾಕಿಗಳನ್ನು ಕೂಡಿಸಿದನು. ಎರಡು ವರ್ಷ ಮಂಡಿಗಿಂತ ಒಳ್ಳೆಯ ಬೆಲೆ ದೊರೆಯಿತು. ಆ ಹುಡುಗನನ್ನು ಸಭೆಯೊಂದರಲ್ಲಿ ನಾನೇ ಹೊಗಳಿದ್ದೆನು.

ಮೂರನೆಯ ವರ್ಷ ಕೊಯಿಲಿಗೆ ಮೊದಲೇ ಮಳೆ ಹಿಡಿದು ಹಣ್ಣುನೊಣದ ಬಾಧೆ ಹೆಚ್ಚಿತು. ಹೊರಗೆ ನಿರ್ಮಲವಾಗಿದ್ದ ಹಣ್ಣಿನೊಳಗೆ ಹುಳುವಿದ್ದುದನ್ನು ಕಂಡ ಗೃಹಿಣಿಯೊಬ್ಬರು ಚಿತ್ರಸಹಿತವಾಗಿ ದೂರಿದರು. ಹುಡುಗನು, "ಹುಳುವಿಗೂ ರುಚಿ ಗೊತ್ತು ಮೇಡಂ, ಅದಕ್ಕೆ ನಾವು ಬೇರೆ ಚಾರ್ಜು ಹಾಕಿಲ್ಲ" ಎಂದು ಉತ್ತರ ಬರೆದನು. ಆ ದಿನ ನಾನು ತೋಟದಲ್ಲಿಯೇ ಇದ್ದೆನು. ಆತನು ಅದನ್ನು ತೋರಿಸಿದಾಗ ನಾನೂ ನಕ್ಕೆನು. ತಡೆಯಬೇಕಾಗಿದ್ದವನು ನಕ್ಕದ್ದು ನನ್ನ ತಪ್ಪು.

ಚಿತ್ರವೂ ಉತ್ತರವೂ ಒಟ್ಟಿಗೆ ಆ ವಠಾರದ ಗುಂಪಿನಿಂದ ಮತ್ತೊಂದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋದವು. ವಾರವೊಂದರೊಳಗೆ ಗೊತ್ತುಮಾಡಿದ್ದ ಪೆಟ್ಟಿಗೆಗಳಲ್ಲಿ ಬಹುಭಾಗವನ್ನು ಜನರು ಬೇಡವೆಂದರು. ಮಾಗುತ್ತಿದ್ದ ಹಣ್ಣು ಕಾಯುವುದಿಲ್ಲ; ಮಂಡಿಯಲ್ಲಿ ಕೇಳಿದ ಬೆಲೆಗೆ ಸುರಿದು ಬಂದರು. ಮಗಳ ಮದುವೆಯನ್ನು ಆ ಹಣದ ಮೇಲೆ ನಿಶ್ಚಯಿಸಿಕೊಂಡಿದ್ದ ಯಜಮಾನರೊಬ್ಬರು ಮದುವೆಯನ್ನು ಮುಂದೂಡಿದರು. ಅವರು ನನ್ನನ್ನು ಬೈಯಲಿಲ್ಲ. "ಸ್ವಾಮೀ, ಹುಳ ಬಿದ್ದದ್ದು ನಾಲ್ಕು ಹಣ್ಣಿಗೆ. ಈ ಮಾತು ತೋಟಕ್ಕೇ ಬಿತ್ತು" ಎಂದಷ್ಟೇ ಹೇಳಿದರು.

ಮರುವರ್ಷ ಆ ಸಂಘದವರು ನಗೆಮಾತನ್ನು ನಿಲ್ಲಿಸಿ ಮೊದಲು ತೋಟವನ್ನು ಸರಿಪಡಿಸಿದರು. ಉದುರಿದ ಹಣ್ಣುಗಳನ್ನು ಆಯ್ದು ಆಳವಾಗಿ ಹೂಳಿದರು. ಗಂಡುನೊಣಗಳನ್ನು ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆಗಳನ್ನು ಎಲ್ಲ ತೋಟಗಳಲ್ಲಿಯೂ ಏಕಕಾಲದಲ್ಲಿ ಕಟ್ಟಿದರು. ದೂರಿದ್ದ ಗೃಹಿಣಿಗೆ ಹುಡುಗನೇ ದೂರವಾಣಿಯಲ್ಲಿ ಕ್ಷಮೆ ಕೇಳಿ ಹಣವನ್ನು ಹಿಂದಿರುಗಿಸಿದನು. ಹಣ್ಣುನೊಣವೆಂದರೇನು, ತಾವು ಅದಕ್ಕೆ ಏನು ಮಾಡಿರುವೆವು ಎಂಬುದನ್ನು ಸರಳವಾದ ಮಾತಿನಲ್ಲಿ ಎಲ್ಲ ಗಿರಾಕಿಗಳಿಗೂ ಬರೆದನು. ಗಿರಾಕಿಗಳಲ್ಲಿ ಕೆಲವರು ಹಿಂದಿರುಗಿದರು; ಎಲ್ಲರೂ ಹಿಂದಿರುಗಲಿಲ್ಲ.

ಪಾಲಿಸತಕ್ಕ ನಿಯಮಗಳು

೧. ವಿನೋದವು ಸರಕಿನ ನಿಜವಾದ ಗುಣದಿಂದಲೇ ಹುಟ್ಟಬೇಕು. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. "ನೋಡಲು ದೂರ್ವಾಸ, ನಾಲಗೆಗೆ ವಸಿಷ್ಠ" ಎಂದರೆ ಓದಿದವನು ನಗುವನು. ನಗುತ್ತಲೇ ಸರಕಿನ ಗುಣವನ್ನೂ ತಿಳಿಯುವನು. ತೋತಾಪುರಿ ಮಾವಿಗೆ, "ಮೂತಿ ಸೊಟ್ಟಗಿದ್ದರೂ ಮುನಿಸಿಲ್ಲ" ಎನ್ನಬಹುದು.

೨. ನಗುವುದಾದರೆ ನಮ್ಮನ್ನು ನೋಡಿ ನಾವೇ ನಗಬೇಕು. ಗಿರಾಕಿಯನ್ನಾಗಲಿ, ಪಕ್ಕದ ಊರಿನ ಬೆಳೆಗಾರನನ್ನಾಗಲಿ, ಜಾತಿ, ಸೀಮೆ, ಹೆಂಗಸರು, ಅಂಗವೈಕಲ್ಯ ಇವುಗಳನ್ನಾಗಲಿ ಎಂದಿಗೂ ಹಾಸ್ಯಕ್ಕೆ ಎಳೆಯಕೂಡದು.

೩. ಕಾಲವನ್ನು ನೋಡಬೇಕು. ನೆರೆ, ಬರ, ಸಾವು ಸಂಭವಿಸಿದ ದಿನಗಳಲ್ಲಿ ಸುಮ್ಮನಿರುವುದೇ ಲೇಸು. ಜಾಲತಾಣದಲ್ಲಿ ಜನರು ಗುಂಪುಗೂಡಿದ್ದರೆ, ಕಾರಣವನ್ನು ವಿಚಾರಿಸಿದ ಮೇಲೆಯೇ ಬಾಯಿ ಹಾಕಬೇಕು.

೪. ದೂರಿಗೆ ನಗೆಯು ಉತ್ತರವಲ್ಲ. ಮೊದಲು ಕ್ಷಮೆ, ಬಳಿಕ ಪರಿಹಾರ, ಕೊನೆಗೆ ಕಾರಣದ ವಿವರಣೆ. ಈ ಕ್ರಮವನ್ನು ತಪ್ಪಬಾರದು.

೫. ತೂಕ, ಬೆಲೆ, ಔಷಧಗುಣ ಇವುಗಳಲ್ಲಿ ತಮಾಷೆಯಿಲ್ಲ. ಜೇನು ತಿಂದರೆ ಸಕ್ಕರೆ ಕಾಯಿಲೆ ಓಡಿಹೋಗುವುದೆಂದು ನಗೆಗಾಗಿ ಬರೆದರೂ, ೧೯೫೪ರ ಆಕ್ಷೇಪಣೀಯ ಔಷಧ ಜಾಹೀರಾತುಗಳ ಕಾಯಿದೆಯು ಅಂತಹ ಮಾತನ್ನು ನಿಷೇಧಿಸುತ್ತದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ತಪ್ಪುದಾರಿಗೆಳೆಯುವ ಜಾಹೀರಾತಿಗೆ ೧೦ ಲಕ್ಷ ರೂಪಾಯಿಗಳವರೆಗೆ, ಪುನಃ ಮಾಡಿದರೆ ೫೦ ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ನಿಷಿದ್ಧವಾದ ಕಾರ್ಬೈಡಿನಿಂದ ಹಣ್ಣುಮಾಡಿ "ಮರದಲ್ಲೇ ಮಾಗಿದ್ದು" ಎನ್ನುವುದು ವಿನೋದವಲ್ಲ, ವಂಚನೆ.

೬. ಬರೆದವನೊಬ್ಬನೇ ಪ್ರಕಟಿಸಕೂಡದು. ಸಂಘದ ಹಿರಿಯರೊಬ್ಬರೂ, ಮನೆವಾರ್ತೆ ಬಲ್ಲ ಹೆಂಗಸೊಬ್ಬರೂ ಓದಿ ಒಪ್ಪಿದ ಮೇಲೆಯೇ ಹೊರಡಿಸಬೇಕು. ಮೊದಲ ಸಾಲನ್ನು ಮಾತ್ರ ಪ್ರತ್ಯೇಕವಾಗಿ ಓದಿ ನೋಡಬೇಕು; ಅದೊಂದೇ ಊರೂರು ತಿರುಗಿದರೆ ಏನಾದೀತೆಂದು ಯೋಚಿಸಬೇಕು.

೭. ನಗೆಯು ಊಟದಲ್ಲಿ ಉಪ್ಪಿನಷ್ಟಿರಲಿ. ಕೊಯಿಲು ಎಂದು, ಹಣ್ಣನ್ನು ಇಡುವುದು ಹೇಗೆ, ಬೆಲೆಯೆಷ್ಟು, ಪೆಟ್ಟಿಗೆ ತಲಪುವುದು ಯಾವಾಗ ಎಂಬ ಉಪಯುಕ್ತವಾದ ಮಾತುಗಳೇ ಹೆಚ್ಚಾಗಿರಬೇಕು.

ಮುಖಂಡರಲ್ಲಿ ಒಂದು ವಿಜ್ಞಾಪನೆ

ಹಳ್ಳಿಯ ತರುಣರಿಗೆ ಮೊಬೈಲಿನ ಬಳಕೆಯನ್ನು ನಾವು ಕಲಿಸಬೇಕಾಗಿಲ್ಲ. ಆ ವಿಷಯದಲ್ಲಿ ಅವರೇ ನಮಗೆ ಗುರುಗಳು. ಆದರೆ ಯಾವ ಮಾತು ಯಾರಿಗೆ ನೋವುಂಟುಮಾಡುವುದೆಂಬ ತಿಳಿವಳಿಕೆಯು ವಯಸ್ಸಿನಿಂದ ಬರತಕ್ಕದ್ದು. ಈ ಎರಡನ್ನೂ ಕೂಡಿಸುವುದು ಊರ ಮುಖಂಡರ ಕೆಲಸ. ತರುಣರ ಉತ್ಸಾಹವನ್ನು ಗದರಿಸಿ ಅಡಗಿಸಬಾರದು. ನಾನು ಮಾಡಿದಂತೆ ಜೊತೆಗೆ ನಕ್ಕು ಸುಮ್ಮನಾಗಲೂ ಬಾರದು.

ಬರುವ ಸುಗ್ಗಿಗೆ ಮೊದಲು ಸಂಘದ ಸಭೆಯನ್ನು ಕರೆದಾಗ ಈ ಏಳು ನಿಯಮಗಳನ್ನು ಓದಿಸಿ, ಜಾಲತಾಣದ ಬರವಣಿಗೆಗೆ ಒಬ್ಬ ತರುಣನನ್ನೂ, ಅದನ್ನು ನೋಡಿ ಒಪ್ಪಲು ಇಬ್ಬರನ್ನೂ ಗೊತ್ತುಮಾಡುವುದು ಯುಕ್ತ. ಅದೇ ದಿನ ಹಣ್ಣುನೊಣದ ಬಲೆಗಳ ಲೆಕ್ಕವನ್ನೂ ಹಾಕಿಕೊಳ್ಳತಕ್ಕದ್ದು. ಸರಕು ಚೆನ್ನಾಗಿದ್ದರೆ ಸಾಧಾರಣವಾದ ನಗೆಮಾತೂ ಅದನ್ನು ಮಾರಿಕೊಡುವುದು.